ಸಣ್ಣ ಕೋಣೆಯ ಹಾಸಿಗೆ

"ಹಾಸಿಗೆ ಒಂದೋ, ಎರಡೋ? ಅಷ್ಟು ಹೇಳಿಬಿಡಿ ಸಾಕು."

ಭತ್ಯೆ ಆಫೀಸಿನ ಕಿಟಕಿಯಿಲ್ಲದ ಕೋಣೆಯಲ್ಲಿ ಬ್ಲಾಂಚರ್ಡ್ ಸಾಹೇಬ ಮತ್ತೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ಊಟದ ಹೊತ್ತಾಯಿತು, ಬೇಗ ಮುಗಿಸಮ್ಮ ಅನ್ನುವ ಧಾಟಿಯಿತ್ತು.

"ಎಲ್ಡು ಸಾರ್," ಅಂದಳು ನಾರ್ಮಾ. "ದೊಡ್ಡ್ ರೂಮಲ್ಲಿ ನಂದು, ಸಣ್ಣ ರೂಮಲ್ಲಿ ಅವ್ಳದು. ಐವಿ ನಮ್ಮನೇಲಿ ಬಾಡ್ಗೆಗವ್ಳೆ ಅಂತ ಎಷ್ಟ್ ಸಲ ಬಡ್ಕಳ್ಳಿ ನಿಮ್ಗೆ?"

"ಅಡುಗೆ ಯಾರು ಮಾಡ್ತಾರೆ?"

"ಹಸಿವಾದೋರು."

"ಬಟ್ಟೆ? ನಿಮ್ಮ ಒಳಬಟ್ಟೆ, ಅವರ ಒಳಬಟ್ಟೆ ಒಂದೇ ಮಷೀನಿಗೆ ಹಾಕ್ತೀರೋ, ಬೇರೆ ಬೇರೆನೋ?"

ನಾರ್ಮಾ ಬಾಯಿ ಬಿಡಲಿಲ್ಲ. ಅವನು ಏನೋ ಬರೆದುಕೊಂಡ. ಬಾಯಿ ಬಿಡದಿದ್ದರೂ ಬರೆದುಕೊಳ್ಳುವುದಕ್ಕೆ ಅವನ ಹತ್ತಿರ ಜಾಗವಿತ್ತು.

"ಹೊರಗೆ ನಾಲ್ಕು ಜನರ ಮುಂದೆ ಜೋಡಿ ಥರ ಓಡಾಡ್ತೀರಾ? ಕೈ ಹಿಡ್ಕೊಳ್ಳೋದು, ಅಂಥದ್ದು?"

"ಇಲ್ಲ."

ಅಷ್ಟು ಹೊತ್ತಿನಿಂದ ಅವಳ ಬಾಯಿಂದ ಬಂದ ನಿಜ ಅದೊಂದೇ. ಇಪ್ಪತ್ತೇಳು ವರ್ಷ ಐವಿಯ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದ್ದರೂ ಬೀದಿಯಲ್ಲಿ ಅವಳ ತೋಳು ಮುಟ್ಟಿದವಳಲ್ಲ ನಾರ್ಮಾ. ಬಸ್ಸಿನಲ್ಲಿ ಸಹ ಒಬ್ಬರ ಹಿಂದೆ ಒಬ್ಬರು ಕೂರುತ್ತಿದ್ದರು.

ಅವಳ ಕೈಗಳು ಮಡಿಲಲ್ಲಿ ಬಿದ್ದಿದ್ದವು. ಹದಿನೈದನೇ ವಯಸ್ಸಿಗೆ ಬಂದರಿನ ಮೀನು ಶೆಡ್ಡಿಗೆ ಸೇರಿ, ಬೆಳಗಿನಿಂದ ಸಂಜೆಯವರೆಗೆ ಮಂಜುಗಡ್ಡೆಯ ನೀರಿನಲ್ಲಿ ಕೈಯಿಟ್ಟು ಹ್ಯಾಡಕ್, ಕಾಡ್ ಮೀನುಗಳನ್ನು ಸೀಳಿ ಸೀಳಿ ಮುಳ್ಳಿನಿಂದ ಮಾಂಸ ಬಿಡಿಸಿದ ಕೈಗಳು ಅವು. ನಾಲ್ಕು ವರ್ಷದ ಹಿಂದೆ ಬೆರಳುಗಳು ಒಳಕ್ಕೆ ಮಡಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಚಾಕು ಹೋಗಲಿ, ಅಂಗಿಯ ಗುಂಡಿ ಕೂಡ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಸರ್ಕಾರದ ಡಾಕ್ಟರೇ ನೋಡಿ ಇನ್ನು ಕೆಲಸಕ್ಕಾಗದು ಅಂದ ಮೇಲೆ ವಾರದ ಭತ್ಯೆ ಶುರುವಾಗಿತ್ತು. ಅದು ದೊಡ್ಡ ಗಂಟೇನಲ್ಲ. ಆದರೆ ಅದು ಅವಳ ಹೆಸರಿಗೆ ಬರುತ್ತಿತ್ತು, ಅದರಲ್ಲಿ ಅವಳು ಮನೆ ಬಾಡಿಗೆಯ ತನ್ನ ಪಾಲು ಕಟ್ಟುತ್ತಿದ್ದಳು, ತನ್ನ ಮಾತ್ರೆ, ತನ್ನ ಹೊಗೆಸೊಪ್ಪು ತಂದುಕೊಳ್ಳುತ್ತಿದ್ದಳು. ಯಾರ ಮುಂದೆಯೂ ಕೈ ಒಡ್ಡದೆ ಬದುಕಿದೆ ಅನ್ನುವುದೊಂದೇ ನಾರ್ಮಾ ಈ ಭೂಮಿಯ ಮೇಲೆ ಕೂಡಿಟ್ಟ ಆಸ್ತಿ. ಈಗ ಇವನು ಕೈ ಹಾಕಿದ್ದು ಅದಕ್ಕೇ.

ಹೋದ ಡಿಸೆಂಬರಿನಲ್ಲಿ ಹೊಸ ಕಾಯಿದೆ ಬಂದಿತ್ತು. ಹೆಂಗಸು ಹೆಂಗಸು, ಗಂಡಸು ಗಂಡಸು ಪುರಭವನಕ್ಕೆ ಹೋಗಿ ನಾವು ಜೋಡಿ ಎಂದು ರುಜು ಹಾಕಬಹುದು. ಟೀವಿಯಲ್ಲಿ ಹೂಗುಚ್ಛ, ಕೇಕು, ಕಣ್ಣೊರೆಸಿಕೊಳ್ಳುವ ತಾಯಂದಿರು. ಗೋಡೆಯಾಚೆಯವರಿಗೆ ಕೇಳಿಸದ ಹಾಗೆ ಸದ್ದು ಕಡಿಮೆ ಮಾಡಿಕೊಂಡು ಇಬ್ಬರೂ ಅದನ್ನು ನೋಡಿದ್ದರು. ಅದೇ ಕಾಯಿದೆಯ ಬಾಲದಲ್ಲಿದ್ದ ಇನ್ನೊಂದು ಸಂಗತಿ ಟೀವಿಯಲ್ಲಿ ಬರಲಿಲ್ಲ. ರುಜು ಹಾಕಲಿ ಬಿಡಲಿ, ಜೋಡಿಯಂತೆ ಬದುಕುತ್ತಿದ್ದರೆ ಸಾಕು, ಭತ್ಯೆಯ ಮಟ್ಟಿಗೆ ಇಬ್ಬರೂ ಒಂದೇ ಸಂಸಾರ. ಒಬ್ಬಳು ದುಡಿಯುತ್ತಿದ್ದರೆ ಇನ್ನೊಬ್ಬಳನ್ನು ಅವಳೇ ಸಾಕಬೇಕು. ಅಲ್ಲಿಯವರೆಗೆ ಇವರಿಬ್ಬರು ಸರ್ಕಾರದ ಕಣ್ಣಿಗೆ ಯಾರಿಗೆ ಯಾರೂ ಅಲ್ಲ. ಐವಿ ಕರುಳಿನ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದಾಗ, ರಕ್ತಸಂಬಂಧಿಗಳಿಗೆ ಮಾತ್ರ ಎಂದು ನಾರ್ಮಾಳನ್ನು ವರಾಂಡದಲ್ಲೇ ಕೂರಿಸಿದ್ದರು.

ಯಾರೋ ಪುಣ್ಯಾತ್ಮರು ಆಫೀಸಿಗೆ ಫೋನು ಮಾಡಿ ಹೆಸರು ಹೇಳದೆ ಚಾಡಿ ಹೇಳಿದ್ದರು. ಅದಕ್ಕೇ ಈ ವಿಚಾರಣೆ.

"ಸರಿ," ಬ್ಲಾಂಚರ್ಡ್ ಪೆನ್ನು ಮುಚ್ಚಿದ. "ಗುರುವಾರ ಮನೆಗೇ ಬಂದು ನೋಡ್ತೀನಿ. ಅವರೂ ಇರಲಿ. ಬಾಡಿಗೆಯವರು."

*

ಐವಿ ಇನ್ನೂ ಅದೇ ಮೀನು ಶೆಡ್ಡಿನಲ್ಲಿ ದುಡಿಯುತ್ತಿದ್ದಳು. ಬುಧವಾರ ಅಲ್ಲಿಂದ ಬಂದವಳು ಬೂಟು ಸಹ ಬಿಚ್ಚದೆ ಸಣ್ಣ ಕೋಣೆಗೆ ನುಗ್ಗಿದಳು. ಆ ಕೋಣೆ, ಆ ಒಂಟಿ ಮಂಚ ಇಪ್ಪತ್ತೇಳು ವರ್ಷದಿಂದಲೂ ಇದ್ದವು. ನಾರ್ಮಾಳ ಅಣ್ಣ ಬರುತ್ತಾನೆಂದರೆ, ಪಾದ್ರಿ ಬರುತ್ತಾನೆಂದರೆ, ನಗರಸಭೆಯವನು ನಲ್ಲಿ ರಿಪೇರಿಗೆ ಬರುತ್ತಾನೆಂದರೆ ಹೊದಿಕೆ ಕೆದರಿ, ದಿಂಬಿಗೆ ಒಂದು ಗುದ್ದು ಕೊಟ್ಟು, ಐವಿಯ ಕನ್ನಡಕವೋ ಕಾಲುಚೀಲವೋ ಪಕ್ಕಕ್ಕೆ ಎಸೆದರೆ ಮುಗಿಯಿತು, ಅಲ್ಲಿ ಒಬ್ಬಳು ಬಾಡಿಗೆಯವಳು ಮಲಗಿ ಎದ್ದಂತೆ. ಎಷ್ಟು ಅಭ್ಯಾಸವಾಗಿತ್ತೆಂದರೆ ಯಾರೂ ಬರದ ದಿನವೂ ಐವಿ ಒಮ್ಮೊಮ್ಮೆ ಹೋಗಿ ಕೆದರಿ ಬರುತ್ತಿದ್ದಳು.

"ಈ ಸಲ ಅಷ್ಟೇ ಸಾಲ್ದು ಕಣೇ," ಅಂದಳು ಐವಿ. "ಈ ಮುಂಡೇಮಕ್ಳು ಬೀರು ತೆಗ್ದ್ ನೋಡ್ತಾರಂತೆ. ಹಲ್ಲುಜ್ಜೋ ಬ್ರಶ್ಶು ಬೇರೆ ಲೋಟಕ್ಕಾಕು. ಫ್ರಿಜ್ಜಲ್ಲಿ ಮೇಲಿನ್ ಗೂಡು ನಿಂದು, ಕೆಳಗಿಂದು ನಂದು."

"ಬೆಣ್ಣೆ ಒಂದೇ ಡಬ್ಬಿ ಐತಲ್ಲೇ."

"ಕುಯ್ದು ಎಲ್ಡು ಮಾಡು."

"ನನ್ ಕೈಲಿ ಆದಾತಾ ಕುಯ್ಯಕ್ಕೆ? ನೀನೇ ಕುಯ್ಯಿ. ಕುಯ್ಯದು ನಿನ್ ಕಸುಬು."

ಐವಿ ಬೆಣ್ಣೆಯನ್ನು ಹ್ಯಾಡಕ್ ಸೀಳಿದ ಹಾಗೆ ಒಂದೇ ಎಳೆತಕ್ಕೆ ಸೀಳಿದಳು. ಇಬ್ಬರಿಗೂ ನಗು ಬಂತು, ಹೆಚ್ಚು ಹೊತ್ತು ಉಳಿಯಲಿಲ್ಲ. ಮೊಟ್ಟೆಗಳ ಮೇಲೆ ಹೆಸರಿನ ಮೊದಲಕ್ಷರ ಬರೆದರು. ಸಮುದ್ರದ ದಂಡೆಯಲ್ಲಿ ತೆಗೆಸಿಕೊಂಡ ಫೋಟೋ ಕಪಾಟಿನ ಅಡಿಗೆ ಹೋಯಿತು. ದೊಡ್ಡ ಕೋಣೆಯ ದಿಂಬಿನ ಚೀಲ, ಹಾಸು, ಹೊದಿಕೆ ಎಲ್ಲವನ್ನೂ ಐವಿ ಬಿಸಿನೀರಿಗೆ ಹಾಕಿ ಒಗೆದಳು. ಸಣ್ಣ ಕೋಣೆಗೆ ಅಂಗಡಿಯಿಂದ ಲ್ಯಾವೆಂಡರ್ ಪುಡಿ ತಂದು ಚಿಮುಕಿಸಿದಳು. ಯಾರೂ ಮಲಗದ ಹಾಸಿಗೆಗೆ ಮುಗ್ಗಲು ವಾಸನೆ ಬಂದಿರುತ್ತದೆ ಎಂದು ಅವಳ ಭಯ.

ನಾರ್ಮಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. "ಪುರಭವನಕ್ಕೆ ಹೋಗಿ ರುಜು ಹಾಕ್ಬುಡಣ ಬಾರೇ," ಅಂದಳು. "ಹೆಂಗೂ ಜೋಡಿ ಅಂತ ಹಿಡ್ಕತ್ತಾರೆ. ನಾವೇ ಹೇಳ್ಕಂಡ್ರೆ ನೀನ್ ಸತ್ರೆ ನಂಗೆ, ನಾನ್ ಸತ್ರೆ ನಿಂಗೆ ಒಂದ್ ಆಸ್ರೆಯಾದ್ರೂ ಆಯ್ತದೆ."

ಐವಿ ಪುಡಿಯ ಡಬ್ಬಿ ಕೆಳಗಿಟ್ಟಳು. "ಹೆಸ್ರು ಬರ್ದು ಬೋರ್ಡಿಗಾಕ್ತಾರಂತೆ ಕಣೇ, ಹದ್ನೈದ್ ದಿನ. ಊರೋರೆಲ್ಲ ಓದ್ಬೇಕು. ಶೆಡ್ಡಲ್ಲಿ ಡಿಲಿಸ್‌ಗೆ ಏನ್ ಮಾಡಿದ್ರು ಮರ್ತೋಯ್ತಾ?"

ಮರೆತಿರಲಿಲ್ಲ. ಡಿಲಿಸ್ ಎಂಬವಳು ಯಾರೋ ಹುಡುಗಿಯ ಜೊತೆ ಸಿಕ್ಕಿಬಿದ್ದಳೆಂದು ಗೊತ್ತಾದ ಮೇಲೆ ದಿನಾ ಅವಳ ಬೂಟಿನೊಳಗೆ ಮೀನಿನ ಕರುಳು ತುಂಬಿಸಿಡುತ್ತಿದ್ದರು. ಅವಳು ಏನೂ ಅನ್ನದೆ ದಿನಾ ಕೊಡವಿ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಬೂಟನ್ನು ಅಲ್ಲೇ ಬಿಟ್ಟು ಬರಿಗಾಲಿನಲ್ಲಿ ಹೋದವಳು ತಿರುಗಿ ಬರಲಿಲ್ಲ.

"ನಂಗಿನ್ನೂ ಆ ಶೆಡ್ಡಲ್ಲಿ ನಿಂತ್ಕಂಡು ದುಡಿಬೇಕು ನಾರ್ಮಾ," ಅಂದಳು ಐವಿ. ನಾರ್ಮಾ ಮತ್ತೆ ಆ ಮಾತೆತ್ತಲಿಲ್ಲ.

*

ಬ್ಲಾಂಚರ್ಡ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಐವಿ ಚಹಾ ಕೊಟ್ಟಳು. ಕುಡಿದ. ಬಿಸ್ಕತ್ತು ಮುಟ್ಟಲಿಲ್ಲ. ಫ್ರಿಜ್ಜು ತೆರೆದು ಮೊಟ್ಟೆಗಳನ್ನು ನೋಡಿ ತುಟಿಯಂಚಿನಲ್ಲಿ ನಕ್ಕ. ಬಚ್ಚಲಿಗೆ ಹೋಗಿ ಎರಡು ಲೋಟಗಳನ್ನು ನೋಡಿದ. ಬೀರು ತೆಗೆದು ಇಬ್ಬರ ಕೋಟುಗಳನ್ನೂ ಮುಟ್ಟಿ ನೋಡಿದ. ಐವಿ ಅವನ ಹಿಂದೆಯೇ ಸುತ್ತುತ್ತಾ, "ಬಾಡ್ಗೆ ಶುಕ್ರವಾರ ಶುಕ್ರವಾರ ಕೊಟ್ಬುಡ್ತೀನಿ ಸಾರ್, ಒಂದ್ ವಾರ ತಪ್ಪಿಲ್ಲ," ಅನ್ನುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

ಅವನು ಸಣ್ಣ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತ. ಹೊದಿಕೆ ಎಳೆದ. ಬಗ್ಗಿ ದಿಂಬಿಗೆ ಮೂಗಿಟ್ಟ.

ನಾರ್ಮಾಳಿಗೆ ಮೊದಲು ಅರ್ಥವಾಗಲಿಲ್ಲ. ಅಸಹ್ಯವಾಯಿತು. ಕೋಟು ಟೈ ಹಾಕಿಕೊಂಡ ಗಂಡಸೊಬ್ಬ ನಾಯಿಯಂತೆ ಹೆಂಗಸರ ಹಾಸಿಗೆ ಮೂಸುತ್ತಿದ್ದಾನೆ. ಅವನು ಎದ್ದು ದೊಡ್ಡ ಕೋಣೆಗೆ ನಡೆದ. ಅಲ್ಲಿ ಎರಡು ದಿಂಬಿದ್ದವು. ಒಂದನ್ನೆತ್ತಿ ಮೂಸಿದ. ಒಗೆದ ಚೀಲ ಕಿತ್ತು ಒಳಗಿನ ಹತ್ತಿಗೇ ಮೂಗು ಒತ್ತಿದ. ಇನ್ನೊಂದನ್ನೂ ಹಾಗೇ ಮಾಡಿದ. ತಲೆಯೆತ್ತಿದಾಗ ಅವನ ಮುಖ ಬೇರೆಯೇ ಆಗಿತ್ತು.

"ಮೀನು," ಅಂದ.

ಐವಿ ತನ್ನ ಅಂಗೈ ಮೂಸಿ ನೋಡಿಕೊಂಡಳು.

"ನೀವು ಕೆಲಸ ಬಿಟ್ಟು ನಾಲ್ಕು ವರ್ಷ ಆಯ್ತು ಮೇಡಂ. ನಿಮ್ಮ ಹಾಸಿಗೇಲಿ ಇವತ್ತಿನ ಮೀನಿದೆ. ಇವರು ದಿನಾ ಶೆಡ್ಡಿಂದ ಬರ್ತಾರೆ, ಇವರ ಹಾಸಿಗೇಲಿ ಬರೀ ಹೂವಿನ ವಾಸನೆ." ಅವನು ದಿಂಬನ್ನು ಮೆಲ್ಲಗೆ ಮಂಚದ ಮೇಲಿಟ್ಟ. "ನಿಮಗೆ ಗೊತ್ತಾಗಲ್ಲ. ನಮ್ಮಮ್ಮಂಗೂ ಗೊತ್ತಾಗ್ತಿರಲಿಲ್ಲ. ಚರ್ಮದೊಳಕ್ಕೇ ಹೋಗ್ಬುಟ್ಟಿರ್ತದೆ. ಎಷ್ಟ್ ತಿಕ್ಕಿದ್ರೂ ಹೋಗಕಿಲ್ಲ."

ಕೊನೆಯ ಮಾತಿಗೆ ಅವನ ಆಫೀಸಿನ ಭಾಷೆ ಜಾರಿ ಬಂದರಿನ ಭಾಷೆ ಹೊರಬಿದ್ದಿತ್ತು. ನಾರ್ಮಾ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಆ ಅಗಲ ಹಣೆ ಎಲ್ಲೋ ನೋಡಿದ್ದೇ.

"ಯಾರ್ ಮಗ್ನಪ್ಪಾ ನೀನು?"

ಅವನು ಟೈ ಸರಿಮಾಡಿಕೊಂಡ. "ಜೋನ್."

"ಎಡಗೈ ಜೋನಾ? ನನ್ ಎದುರ್‌ಗಡೆ ನಿಂತ್ಕಂಡು ಮೀನ್ ಸೀಳೋಳು ನಿಮ್ಮವ್ವ! ನಿನ್ನ ಹೊಟ್ಟೇಲಿಟ್ಕಂಡು ಹೆರೋ ದಿನದವರ್ಗೂ ಸೀಳವ್ಳೆ. ಎಲ್ಲಪ್ಪಾ ಅವ್ಳು?"

"ತೀರ್ಕೊಂಡ್ರು."

"ಅವ್ಳ್ ಮೀನ್ ನಾತ ಕುಡ್ಕಂಡು ಬೆಳ್ದ ಮೂಗ್ನ ಈ ಕೆಲ್ಸಕ್ಕಾ ಇಕ್ಕಿದ್ದೀಯ, ಬೋಳಿಮಗನೆ?"

"ನಾರ್ಮಾ!" ಐವಿ ಅವಳ ಬಾಯಿ ಮುಚ್ಚುವಷ್ಟು ಹತ್ತಿರ ಬಂದಳು.

ಬ್ಲಾಂಚರ್ಡ್ ಬೈಗುಳವನ್ನು ನುಂಗಿಕೊಂಡ. ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತಾ ನಿಂತ. "ವಾಸನೆ ಅಂತ ಯಾವ ಕಾಗದದಲ್ಲೂ ಬರೆಯೋಕಾಗಲ್ಲ," ಅಂದ. "ನಾನೇನೂ ನೋಡ್ಲಿಲ್ಲ ಅಂದ್ಕೋತೀನಿ. ನಮ್ಮಮ್ಮನ ಜೊತೆ ಕೆಲಸ ಮಾಡಿದೋರು. ಒಂದು ಮಾತು ನೀವು ಬಾಯಿಬಿಟ್ಟು ಹೇಳಿ. ಈ ಹೆಂಗಸಿಗೂ ನನಗೂ ಏನೂ ಇಲ್ಲ, ಹಿಂದೆ ಇರಲಿಲ್ಲ, ಮುಂದೆಯೂ ಇರಲ್ಲ ಅಂತ. ಹಾಗೇ ಬರ್ಕೊಂಡು ಹೋಗ್ತೀನಿ. ಮತ್ತೆ ಈ ಕಡೆ ಬರಲ್ಲ."

ಅವನು ನಿಜವಾಗಿಯೂ ಒಳ್ಳೆಯದನ್ನೇ ಮಾಡುತ್ತಿದ್ದೇನೆಂದು ತಿಳಿದಿದ್ದ. ಅದು ಅವನ ದನಿಯಲ್ಲಿ ಗೊತ್ತಾಗುತ್ತಿತ್ತು.

"ಹೇಳೇ," ಐವಿ ಪಿಸುಗುಟ್ಟಿದಳು. "ಹೇಳ್ಬುಡೇ. ಬರೀ ಮಾತು ಕಣೇ."

ಬರೀ ಮಾತೇ. ಎಷ್ಟು ಸಲ ಹೇಳಿದ್ದಾಳೆ. ಸಾಯುತ್ತಿದ್ದ ತಾಯಿ ನೇರವಾಗಿ ಕೇಳಿದಾಗ ಇಲ್ಲವ್ವ ಅಂದಿದ್ದಾಳೆ. ಆಸ್ಪತ್ರೆಯ ವರಾಂಡದಲ್ಲಿ ನರ್ಸು ಬಂದು ನೀವೇನಾಗಬೇಕು ಅಂದಾಗ, ಪಕ್ಕದ ಮನೆಯವಳು ಅಂದಿದ್ದಾಳೆ. ಇನ್ನೊಂದು ಸಲ ಹೇಳಿದರೆ ಬಾಯಿಗೇನೂ ಹುಳ ಬೀಳುವುದಿಲ್ಲ. ಆದರೆ ಹಿಂದೆ ಹೇಳಿದಾಗೆಲ್ಲ ಐವಿ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಿರಲಿಲ್ಲ. ನಾರ್ಮಾ ಹೇಳಲಿಕ್ಕೆಂದು ಬಾಯಿ ತೆರೆದಳು. ದೊಡ್ಡ ಮಂಚದ ಮೇಲೆ, ಚೀಲ ಕಿತ್ತ ದಿಂಬುಗಳ ಪಕ್ಕ ಕೂತುಬಿಟ್ಟಳು.

"ಆಗಕಿಲ್ಲ," ಅಂದಳು. "ಸಾಕಾಗೋಗದೆ ನಂಗೆ. ಬರ್ಕಳಪ್ಪ. ಇವ್ಳು ನನ್ನೋಳು. ನಾನು ಇವ್ಳೋಳು. ಎಲ್ಲಿ ರುಜು ಹಾಕ್ಬೇಕು ತೋರ್ಸು. ಪೆನ್ನು ಹಿಡಿಯಕ್ಕಾಗಕಿಲ್ಲ, ಹೆಬ್ಬೆಟ್ಟು ಒತ್ತುತೀನಿ."

ಬ್ಲಾಂಚರ್ಡ್ ಪೆನ್ನು ತೆಗೆದ.

ಅವನು ಹೋದ ಮೇಲೆ ಐವಿ ಕೂಗಾಡಿದಳು. "ನನ್ ಒಬ್ಳ ಕೂಲೀಲಿ ಇಬ್ರು ಉಣ್ಣಕ್ಕಾದಾತೇನೇ, ಮನೆಹಾಳಿ? ಒಂದ್ ಸುಳ್ಳು ಹೇಳಕ್ಕೆ ಬರ್ನಿಲ್ವಲ್ಲೇ! ಯಾವಾಗ್ ಬಂತೇ ನಿಂಗೆ ಇಷ್ಟೊಂದ್ ಮಾನ?" ಐವಿ ಕೂಗಿ ಕೂಗಿ ಸುಸ್ತಾಗಿ, ಕೊನೆಗೆ ಬಂದು ಪಕ್ಕದಲ್ಲಿ ಕೂತು, ನಾರ್ಮಾಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳು ಬೆರಳೂ ನೀವತೊಡಗಿದಳು. ಅದು ದಿನಾ ಸಂಜೆಯ ಕೆಲಸ, ಜಗಳವಾದರೂ ತಪ್ಪುತ್ತಿರಲಿಲ್ಲ.

*

ಭತ್ಯೆ ನಿಂತಿತು. ಡಿಸೆಂಬರಿನಿಂದ ತಿಂದದ್ದನ್ನು ಕಕ್ಕಬೇಕೆಂದೂ ಕಾಗದ ಬಂತು. ಕೈನೋವಿನ ಮಾತ್ರೆಗೂ ಇನ್ನು ನಾರ್ಮಾಳ ಹತ್ತಿರ ದುಡ್ಡಿರಲಿಲ್ಲ. ಶುಕ್ರವಾರ ಐವಿ ಕೂಲಿಯ ಲಕೋಟೆ ತಂದು ಮೇಜಿನ ಮೇಲಿಟ್ಟು, "ನಿಂಗೆಷ್ಟ್ ಬೇಕೋ ತಗೋ," ಎಂದು ಬೆನ್ನು ತಿರುಗಿಸಿ ಪಾತ್ರೆ ತೊಳೆಯಲು ನಿಂತಳು. ನಾರ್ಮಾ ಲಕೋಟೆಯನ್ನು ನೋಡುತ್ತಾ ಕೂತಳು. ಹೊಗೆಸೊಪ್ಪು ಮುಗಿದು ಮೂರು ದಿನವಾಗಿತ್ತು. ಮುಟ್ಟಲಿಲ್ಲ. ಐವಿಯ ಮೇಲೆ ಮುನಿಸಲ್ಲ. ಕೈ ಹೋಗಲಿಲ್ಲ, ಅಷ್ಟೇ. ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗತೊಡಗಿದಳು. ಐವಿಗೆ ಹೇಳಲಿಲ್ಲ.

ಮುಂದಿನ ವಾರ ಬೆಳಿಗ್ಗೆ, ಕೋಟಿನ ಗುಂಡಿಯನ್ನು ಐವಿ ಹಾಕಿಕೊಟ್ಟು ಕೆಲಸಕ್ಕೆ ಹೋದ ಮೇಲೆ, ನಾರ್ಮಾ ನಡೆದುಕೊಂಡೇ ಭತ್ಯೆ ಆಫೀಸಿಗೆ ಹೋದಳು. ಕೌಂಟರಿನ ಗಾಜಿನ ಹಿಂದೆ ಚಿಕ್ಕ ವಯಸ್ಸಿನ ಹುಡುಗಿಯಿದ್ದಳು.

"ಹೇಳಿ ಅಮ್ಮ, ಏನಾಗಬೇಕಿತ್ತು?"

"ನಾನೂ ನಮ್ ಐವೀನೂ ಜೋಡಿ ಅಂತ ನೀವೇ ಬರ್ದಿದ್ದೀರಿ."

ಹುಡುಗಿ ಕಂಪ್ಯೂಟರಿನಲ್ಲಿ ನೋಡಿದಳು. "ಹೌದು."

"ನಾಳೆ ಐವಿ ಸತ್ರೆ ವಿಧವೆ ಭತ್ಯೆ ನಂಗ್ ಕೊಡ್ತೀರಾ?"

"ಅದಕ್ಕೆ ಪುರಭವನದಲ್ಲಿ ನೋಂದಣಿ ಆಗಿರಬೇಕಮ್ಮ."

"ಆಗಿಲ್ಲ."

"ಹಾಗಾದ್ರೆ ಬರಲ್ಲ. ಆ ಲೆಕ್ಕಕ್ಕೆ ನೀವು ಜೋಡಿ ಅಲ್ಲ."

"ಕಿತ್ಕಳಕ್ಕೆ ಜೋಡಿ, ಕೊಡಕ್ಕೆ ಅಲ್ವಾ?"

"ನಿಯಮ ಹಾಗಿದೆ. ನಾನು ಮಾಡಿದ್ದಲ್ಲ." ಹುಡುಗಿಗೆ ನಿಜಕ್ಕೂ ಪಾಪ ಅನ್ನಿಸಿತ್ತು. "ನೋಂದಣಿ ಮಾಡಿಸ್ಕೊಳ್ಳಿ ಅಮ್ಮ. ಈಗ ಎಲ್ರೂ ಮಾಡಿಸ್ಕೊಳ್ತಾರೆ."

"ಅವ್ಳಿಗೆ ಭಯ ಕಣವ್ವ. ಬೂಟಿಗೆ ಕರುಳು ತುಂಬ್ತಾರೆ."

ಹುಡುಗಿಗೆ ಅರ್ಥವಾಗಲಿಲ್ಲ. ಹಿಂದಿನವರು ಗೊಣಗುತ್ತಿದ್ದರು. "ಮುಂದಿನವರು," ಅಂದಳು.

ನಾರ್ಮಾ ಪಕ್ಕಕ್ಕೆ ಸರಿದು, ನೆಲಕ್ಕೆ ಬಿಗಿದ ಕುರ್ಚಿಯೊಂದರಲ್ಲಿ ಕೂತಳು. ಏನು ಮಾಡಬೇಕೆಂದು ಯೋಚಿಸಿ ಕೂತವಳಲ್ಲ. ಮನೆಗೆ ಹೋಗಿ ಆ ಲಕೋಟೆಯ ಮುಂದೆ ಕೂರುವುದಕ್ಕಿಂತ ಇದು ವಾಸಿ ಅನ್ನಿಸಿತು. ಸಾಲು ಕರಗಿತು, ಬೆಳೆಯಿತು, ಮತ್ತೆ ಕರಗಿತು. ಮಧ್ಯಾಹ್ನ ಬ್ಲಾಂಚರ್ಡ್ ಒಳಬಾಗಿಲಿನಿಂದ ಇಣುಕಿ, ಅವಳನ್ನು ಕಂಡು ಒಳಗೆ ಹೋದ. ಕಾವಲಿನವನು ಎರಡು ಸಲ ಬಂದು ಕೇಳಿದ.

"ನಿಮ್ಮ ಕೆಲಸ ಆಯ್ತಲ್ಲಮ್ಮ?"

"ಆಗ್ನಿಲ್ಲ."

"ಏನ್ ಬೇಕು ನಿಮಗೆ?"

"ಎಲ್ಡ್ರಲ್ಲಿ ಒಂದ್ ಹೇಳ್ಲಿ. ಜೋಡಿ ಹೌದು ಅಂತ್ಲೋ, ಅಲ್ಲ ಅಂತ್ಲೋ. ಕೇಳ್ಕಂಡು ಎದ್ದೋಯ್ತೀನಿ."

ಅವನು ತಲೆ ಕೆರೆದುಕೊಂಡು ಹೋದ.

ಸಂಜೆಯಾಗುತ್ತಾ ಬಂತು. ಬಾಗಿಲು ತೆರೆಯಿತು. ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ಮೂಗಿಗೆ ಕೈ ಅಡ್ಡ ಹಿಡಿದರು. ಬಿಳಿ ಕೋಟು, ರಕ್ತದ ಕಲೆಯ ರಬ್ಬರ್ ಏಪ್ರನ್ನು, ಮೊಣಕಾಲುದ್ದದ ಬೂಟು, ಶೆಡ್ಡಿನಿಂದ ನೇರ ಬಂದಿದ್ದಳು ಐವಿ. ಬೀಗ ಹಾಕಿದ ಮನೆ ನೋಡಿ ಊರೆಲ್ಲ ಹುಡುಕಿರಬೇಕು, ಏದುಸಿರು ಬಿಡುತ್ತಿದ್ದಳು. ಸಾಲಿನಲ್ಲಿ ಶೆಡ್ಡಿನವರೇ ಇಬ್ಬರಿದ್ದರು. ಅವರನ್ನು ಐವಿ ನೋಡಿದಳು, ಅವರೂ ಇವಳನ್ನು ನೋಡಿದರು.

"ಎದ್ದೇಳೇ," ಐವಿ ಹಲ್ಲು ಕಚ್ಚಿ ಮೆಲ್ಲಗೆ ಅಂದಳು. "ಮನೆಗ್ ಹೋಗಣ."

"ನೀನ್ ಹೋಗಿರು."

"ಏನಾದ್ರೂ ತಿಂದಿದ್ದೀಯಾ?"

"ಇಲ್ಲ."

"ಮಾತ್ರೆ?"

ನಾರ್ಮಾ ಮುಖ ತಿರುಗಿಸಿದಳು. ಅಲ್ಲಿಗೆ ಐವಿಗೆ ಎಲ್ಲ ಗೊತ್ತಾಯಿತು. ಅವಳು ಬಾಗಿಲಿನ ಕಡೆ ನೋಡಿದಳು, ಶೆಡ್ಡಿನ ಆ ಇಬ್ಬರ ಕಡೆ ನೋಡಿದಳು. ಹೊರಗೆ ಹೋದಳು. ಹೋಗಲಿ ಬಿಡು, ಪಾಪ, ಅಂದುಕೊಂಡಳು ನಾರ್ಮಾ.

ಐವಿ ಕಾಗದದಲ್ಲಿ ಸುತ್ತಿದ ಕರಿದ ಮೀನು, ಆಲೂಗಡ್ಡೆ ಹಿಡಿದು ತಿರುಗಿ ಬಂದಳು. ನಾರ್ಮಾಳ ಪಕ್ಕದ ಕುರ್ಚಿಯಲ್ಲಿ ತೊಡೆಗೆ ತೊಡೆ ತಾಗಿಸಿಕೊಂಡು ಕೂತಳು. ಕಾಗದ ಬಿಚ್ಚಿದಳು. ವಿನಿಗರ್ ಘಾಟು, ಎಣ್ಣೆಯ ಬಿಸಿ, ಅವಳ ಮೈಯ ಮೀನು ಒಟ್ಟಾಗಿ ಕೋಣೆ ತುಂಬಿತು. ಬೆರಳಲ್ಲಿ ಒಂದು ತುಂಡು ಮುರಿದು, ಊದಿ ಆರಿಸಿ, ನಾರ್ಮಾಳ ಬಾಯಿಯ ಹತ್ತಿರ ಹಿಡಿದಳು.

"ಎಲ್ರೂ ನೋಡ್ತಾವ್ರೆ ಕಣೇ," ಅಂದಳು ನಾರ್ಮಾ.

"ನೋಡ್ಲಿ. ಬಾಯ್ ತೆಗಿ."

ನಾರ್ಮಾ ಬಾಯಿ ತೆರೆದಳು. ಶೆಡ್ಡಿನ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿದಳು. ಐವಿಯ ಕಿವಿ ಕೆಂಪಾಯಿತು, ಆದರೂ ಅವಳು ಇನ್ನೊಂದು ತುಂಡು ಮುರಿದಳು. ಗಾಜಿನ ಹಿಂದಿನ ಹುಡುಗಿ ಪರದೆ ಎಳೆದಳು. ಕಾವಲಿನವನು ಬಂದು ಎದುರಿಗೆ ನಿಂತ.

"ಬಾಗಿಲು ಹಾಕೋ ಹೊತ್ತಾಯ್ತಮ್ಮ. ಇಲ್ಲಿ ತಿನ್ನೋ ಹಾಗಿಲ್ಲ. ಎದ್ದೇಳಿ ಇಬ್ಬರೂ. ಇಲ್ಲದಿದ್ರೆ ಪೊಲೀಸ್ನೋರಿಗೆ ಫೋನ್ ಮಾಡಬೇಕಾಗುತ್ತೆ."

"ಮಾಡಪ್ಪ," ಅಂದಳು ಐವಿ, ತಲೆಯೆತ್ತದೆ. "ಹೆಸ್ರು ಸರ್ಯಾಗ್ ಬರ್ಸು. ಎಲ್ಡೂ ಒಟ್ಗೆ."

ಅವನು ಫೋನು ತೆಗೆದ. ಐವಿ ಮುಂದಿನ ತುಂಡನ್ನು ಊದಿದಳು.